ಹೃದಯಾಘಾತದ ನಂತರ ಹನ್ನೆರಡು ವಾರದ ವ್ಯಾಯಾಮ: ಮಾಟುಂಗದ ಹೋಟೆಲ್ ಮಾಲೀಕರೊಬ್ಬರ ಪ್ರಕರಣ ಅಧ್ಯಯನ

ಈ ಪ್ರಕರಣದ ರೋಗಿ ಮುಂಬಯಿಯ ಮಾಟುಂಗದಲ್ಲಿ ಬಹುಕಾಲದಿಂದ ಸಸ್ಯಾಹಾರಿ ಹೋಟೆಲು ನಡೆಸಿಕೊಂಡು ಬಂದಿರುವ, ಮೂಲತಃ ಉಡುಪಿ ಸೀಮೆಯ, 58 ವರ್ಷ ವಯಸ್ಸಿನ ಗೃಹಸ್ಥರು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದೆ, ಹೆಸರಿನ ಬದಲಿಗೆ ರಾಯರು ಎಂದಷ್ಟೇ ಬರೆದಿದೆ. ಆಸ್ಪತ್ರೆಯ ಕಾರ್ಡಿಯಾಕ್ ರಿಹ್ಯಾಬ್ (ಹೃದಯ ಪುನಶ್ಚೇತನ) ವಿಭಾಗದಲ್ಲಿ ಅವರ ವ್ಯಾಯಾಮದ ಹೊಣೆ ಫಿಸಿಯೋಥೆರಪಿಸ್ಟ್ ಆದ ನನ್ನದಾಗಿತ್ತು. ಔಷಧ ಮತ್ತು ತಪಾಸಣೆಗಳ ತೀರ್ಮಾನವೆಲ್ಲ ಹೃದ್ರೋಗ ತಜ್ಞರದ್ದು.

ಮೇ ತಿಂಗಳ ಎರಡನೆಯ ವಾರದ ಒಂದು ಬೆಳಗಿನ ಜಾವ, ಹೋಟೆಲಿನ ಬಾಗಿಲು ತೆರೆಯಲು ಹೊರಡುವ ಹೊತ್ತಿಗೆ, ರಾಯರಿಗೆ ಎದೆಯ ನಡುಭಾಗದಲ್ಲಿ ಭಾರ ಕಾಣಿಸಿಕೊಂಡು ಮೈಯೆಲ್ಲ ಬೆವತಿತು. ಗ್ಯಾಸ್ ಎಂದುಕೊಂಡು ಶುಂಠಿ ಕಷಾಯ ಕುಡಿದರು, ಆಮೇಲೆ ಸೋಡಾ ಕುಡಿದರು, ಹೀಗೆ ಸುಮಾರು ನಾಲ್ಕು ಗಂಟೆ ಕಳೆಯಿತು. ಆಸ್ಪತ್ರೆಗೆ ಬಂದಾಗ ಹೃದಯದ ಮುಂಭಾಗದ ಸ್ನಾಯುವಿಗೆ ರಕ್ತ ಒಯ್ಯುವ ಧಮನಿ ಪೂರ್ತಿ ಮುಚ್ಚಿತ್ತು. ಬಲ ಮಣಿಕಟ್ಟಿನ ಮೂಲಕ ಆಂಜಿಯೋಪ್ಲಾಸ್ಟಿ ಮಾಡಿ ಒಂದು ಸ್ಟೆಂಟ್ ಹಾಕಲಾಯಿತು. ಬಲಭಾಗದ ಧಮನಿಯಲ್ಲಿ ಅರ್ಧದಷ್ಟು ಕಿರಿದಾದ ಇನ್ನೊಂದು ಜಾಗ ಕಂಡಿತಾದರೂ ಅದನ್ನು ಸದ್ಯಕ್ಕೆ ಔಷಧದಿಂದಲೇ ನೋಡಿಕೊಳ್ಳುವುದೆಂದು ವೈದ್ಯರು ನಿರ್ಧರಿಸಿದರು. ಎಕೋ ಪರೀಕ್ಷೆಯಲ್ಲಿ ಹೃದಯದ ಪಂಪಿಂಗ್, ಅಂದರೆ ಒಂದೊಂದು ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು, ಶೇ 42 ಇತ್ತು. ಆರೋಗ್ಯವಂತ ಹೃದಯದಲ್ಲಿ ಇದು ಸಾಮಾನ್ಯವಾಗಿ ಶೇ 55ರ ಮೇಲಿರುತ್ತದೆ. ಜೊತೆಗೆ ಒಂಬತ್ತು ವರ್ಷಗಳ ಸಕ್ಕರೆ ಕಾಯಿಲೆ, 78 ಕಿಲೊ ತೂಕ, ದಿನಕ್ಕೆ ಹನ್ನೆರಡು ಗಂಟೆ ಗಲ್ಲೆಯಲ್ಲಿ ಕೂರುವ ಕೆಲಸ.

ಈ ಕೊನೆಯದನ್ನು ಲಘುವಾಗಿ ಬಿಟ್ಟುಬಿಡುವಂತಿಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕೂರುವ ಚಾಲಕರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಎಂದು ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲೇ ತೋರಿಸಿಕೊಟ್ಟಿದ್ದರು. ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಹುಡುಗರು ಊಟದ ಹೊತ್ತಿನಲ್ಲಿ ಎಷ್ಟು ನಡೆಯುತ್ತಾರೆ, ಮಾಲೀಕರು ಎಷ್ಟು ನಡೆಯುತ್ತಾರೆ ಎಂಬುದನ್ನು ನೋಡಿದವರಿಗೆ ಆ ಅಧ್ಯಯನವನ್ನು ಬಿಡಿಸಿ ಹೇಳಬೇಕಿಲ್ಲ.

ಮನೆಯೊಳಗಿನ ಎರಡು ಅಭಿಪ್ರಾಯಗಳು

ಐದನೆಯ ದಿನ ರಾಯರು ಮನೆಗೆ ಮರಳಿದರು. ಫೈವ್ ಗಾರ್ಡನ್ಸ್ ಉದ್ಯಾನದ ಹತ್ತಿರದ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಮನೆ, ಲಿಫ್ಟ್ ಇಲ್ಲ. ಅವತ್ತು ಇಬ್ಬರು ಹುಡುಗರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತರು. ಆಮೇಲಿನ ಎರಡು ವಾರ ಅವರು ಕೆಳಗಿಳಿಯಲಿಲ್ಲ. ಪತ್ನಿ ಹಾಲ್‌ನಲ್ಲೇ ಮಂಚ ಹಾಕಿಸಿ, ಬಚ್ಚಲಿಗೆ ಹೋಗುವಾಗಲೂ ತೋಳು ಹಿಡಿದು ನಡೆಸುತ್ತಿದ್ದರು, ನೀರಿನ ತಂಬಿಗೆಯನ್ನೂ ಎತ್ತಲು ಬಿಡುತ್ತಿರಲಿಲ್ಲ. ಅವರ ಭಯಕ್ಕೆ ಆಧಾರವಿತ್ತು. 1970ರ ದಶಕದಲ್ಲಿ ಊರಿನಲ್ಲಿ ಅವರ ತಂದೆಗೆ ಹೃದಯಾಘಾತವಾದಾಗ ವೈದ್ಯರು ಮಗ್ಗುಲು ಬದಲಿಸಲೂ ಇನ್ನೊಬ್ಬರ ನೆರವು ಬೇಕೆಂಬಂತೆ ವಾರಗಟ್ಟಲೆ ಮಲಗಿಸಿದ್ದರಂತೆ. ಜಗತ್ತಿನೆಲ್ಲೆಡೆ ಬಹುಕಾಲ ನಡೆದುಬಂದ ಪದ್ಧತಿ ಅದೇ. ಅಮೆರಿಕದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸಬಹುದೆಂದು 1952ರಲ್ಲಿ ಪ್ರಕಟಿಸಿದಾಗ ಅದೇ ದೊಡ್ಡ ಧೈರ್ಯವೆನಿಸಿತ್ತು. ಬರೀ ಮಲಗಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಸ್ನಾಯು ಸೊರಗುತ್ತದೆ, ಎದ್ದು ನಿಂತರೆ ತಲೆ ಸುತ್ತುತ್ತದೆ ಎಂಬುದು ಈಗ ಎಲ್ಲ ಹೃದ್ರೋಗ ತಜ್ಞರೂ ಒಪ್ಪಿದ ಮಾತು. ಆದರೆ ಮನೆಗಳಲ್ಲಿ ಹಳೆಯ ಪಾಠವೇ ಇನ್ನೂ ನಡೆಯುತ್ತಿದೆ.

ಮಗನ ಅಭಿಪ್ರಾಯ ಇದಕ್ಕೆ ನೇರ ವಿರುದ್ಧ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಆತ ತಂದೆಗೆ ಒಂದು ಸ್ಮಾರ್ಟ್‌ವಾಚ್ ತಂದು, 220ರಿಂದ ವಯಸ್ಸು ಕಳೆಯುವ ಲೆಕ್ಕದಲ್ಲಿ ಗರಿಷ್ಠ ನಾಡಿ 162 ಎಂದು ಹಿಡಿದು, ಅದರ ಶೇ 70ರಿಂದ 85, ಅಂದರೆ ನಿಮಿಷಕ್ಕೆ 113ರಿಂದ 138 ಬಡಿತ ಮುಟ್ಟುವವರೆಗೆ ನಡೆಯಬೇಕೆಂದು ಗಡಿಯಾರದಲ್ಲಿ ಗುರುತು ಹಾಕಿಕೊಟ್ಟಿದ್ದ. ಮನೆಗೆ ಒಂದು ಟ್ರೆಡ್‌ಮಿಲ್ ತರಿಸುವ ಮಾತೂ ನಡೆದಿತ್ತು. ತಾಯಿ ಮತ್ತು ಮಗ ಇಬ್ಬರೂ ಪರಸ್ಪರ ಬೇಜವಾಬ್ದಾರಿಯ ಆರೋಪ ಹೊರಿಸುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಇಬ್ಬರ ಲೆಕ್ಕದಲ್ಲೂ ರಾಯರ ಹೃದಯವೇ ಇರಲಿಲ್ಲ: ಒಬ್ಬರ ಮನಸ್ಸಿನಲ್ಲಿದ್ದದ್ದು ಐವತ್ತು ವರ್ಷ ಹಿಂದಿನ ಇನ್ನೊಬ್ಬ ರೋಗಿ, ಇನ್ನೊಬ್ಬರ ಗಡಿಯಾರದಲ್ಲಿದ್ದದ್ದು ಯಾವ ಔಷಧವನ್ನೂ ಸೇವಿಸದ ಆರೋಗ್ಯವಂತನ ಸರಾಸರಿ.

ಆರಂಭಕ್ಕೆ ಮುನ್ನ ಅಳೆದದ್ದು

ಜೂನ್ ಮೊದಲ ವಾರ, ಹೃದಯಾಘಾತವಾಗಿ ಮೂರು ವಾರ ತುಂಬಿದಾಗ, ಹೃದ್ರೋಗ ತಜ್ಞರ ಸಮ್ಮುಖದಲ್ಲಿ ನಿಧಾನಗತಿಯ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತ ಇಸಿಜಿ ನೋಡುವ ಪರೀಕ್ಷೆ, ಮಾಡಲಾಯಿತು. ಅದಕ್ಕೂ ಮುನ್ನ ವ್ಯಾಯಾಮವನ್ನು ಆರಂಭಿಸಲೇಬಾರದ ಸ್ಥಿತಿಗಳು ಯಾವುವೂ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಗಿತ್ತು: ವಿಶ್ರಾಂತಿಯಲ್ಲೂ ಬರುವ ಅಥವಾ ದಿನದಿಂದ ದಿನಕ್ಕೆ ಹೆಚ್ಚುತ್ತಿರುವ ಎದೆನೋವು, ಹತೋಟಿಗೆ ಬಾರದ ಹೃದಯ ಬಡಿತದ ಏರುಪೇರು, ಕಾಲಿನ ಊತ ಮತ್ತು ಉಬ್ಬಸದೊಡನೆ ಉಲ್ಬಣಿಸಿರುವ ಹೃದಯ ವೈಫಲ್ಯ, ಮಹಾಧಮನಿಯ ಕವಾಟ ತೀವ್ರವಾಗಿ ಕಿರಿದಾಗಿ ತೊಂದರೆ ಕೊಡುತ್ತಿರುವುದು, ಹೃದಯದ ಸ್ನಾಯು ಅಥವಾ ಹೊರಪೊರೆಯ ಉರಿಯೂತ, ಜ್ವರ, ಕೂತಿರುವಾಗಲೇ 180/110 ದಾಟುವ ಬಿಪಿ. ಇವುಗಳಲ್ಲಿ ಒಂದಿದ್ದರೂ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು.

ರಾಯರು ಟ್ರೆಡ್‌ಮಿಲ್ ಮೇಲೆ ಎದೆನೋವಿಲ್ಲದೆ, ಇಸಿಜಿಯಲ್ಲಿ ಬದಲಾವಣೆಯಿಲ್ಲದೆ ಸುಮಾರು 5 ಮೆಟ್ ಮಟ್ಟದವರೆಗೆ ಹೋಗಿ, ಕಾಲು ಸೋತಿತೆಂದು ನಿಲ್ಲಿಸಿದರು. ಸುಮ್ಮನೆ ಕೂತಿರುವಾಗ ದೇಹ ಬಳಸುವ ಆಮ್ಲಜನಕವನ್ನು, ಅಂದರೆ ಕಿಲೊ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರನ್ನು, 1 ಮೆಟ್ ಎಂದು ಎಣಿಸುತ್ತಾರೆ. ಅದರ ಐದು ಪಟ್ಟು ಅವರ ಅವತ್ತಿನ ಮಿತಿ. ವಿಶ್ರಾಂತಿಯಲ್ಲಿ 64 ಇದ್ದ ನಾಡಿ ಪರೀಕ್ಷೆಯ ತುದಿಯಲ್ಲಿ 118ಕ್ಕೆ ಏರಿತ್ತು. ಅಂದರೆ ಮಗ ಗುರುತು ಹಾಕಿದ್ದ ವ್ಯಾಯಾಮದ ಕೆಳಮಿತಿಯಾದ 113 ರಾಯರ ಸಾಮರ್ಥ್ಯದ ಹೆಚ್ಚುಕಡಿಮೆ ತುದಿಯೇ ಆಗಿತ್ತು. ಕಾರಣ ಸರಳ: ಅವರು ಸೇವಿಸುತ್ತಿದ್ದ ಮೆಟೊಪ್ರೊಲೋಲ್ ಬೀಟಾ ಬ್ಲಾಕರ್ ಗುಂಪಿನ ಔಷಧವಾಗಿದ್ದು, ಶ್ರಮಪಟ್ಟಾಗ ನಾಡಿ ಏರುವುದನ್ನು ಅದು ತಡೆಹಿಡಿಯುತ್ತದೆ. ಈ ಗುಳಿಗೆ ತೆಗೆದುಕೊಳ್ಳುವವರಿಗೆ ವಯಸ್ಸಿನ ಸೂತ್ರ ಹೊಂದುವುದೇ ಇಲ್ಲ. ಆದ್ದರಿಂದ ಔಷಧ ಸೇವಿಸಿಯೇ ಮಾಡಿದ ಪರೀಕ್ಷೆಯ ಅಂಕಿಗಳನ್ನು ಹಿಡಿದು, 64 ಮತ್ತು 118ರ ನಡುವಿನ 54 ಬಡಿತಗಳ ಅಂತರದಲ್ಲಿ ಶೇ 40ರಿಂದ 60ನ್ನು ವಿಶ್ರಾಂತಿಯ ನಾಡಿಗೆ ಕೂಡಿಸಿದೆವು. ಬಂದ ಮಿತಿ 86ರಿಂದ 96.

ಇದರ ಜೊತೆಗೆ ಆಯಾಸವನ್ನು ರೋಗಿಯೇ ಅಳೆದು ಹೇಳುವ ಬೋರ್ಗ್ ಮಾಪನವನ್ನೂ ಕಲಿಸಿದೆ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಈ ಮಾಪನ 6ರಿಂದ 20ರವರೆಗೆ ಇದೆ. 11 ಎಂದರೆ ಹಗುರ, 13 ಎಂದರೆ ಸ್ವಲ್ಪ ಕಷ್ಟ. ಮೊದಲ ವಾರಗಳಲ್ಲಿ 11ರಿಂದ 13ರ ಒಳಗೇ ಇರಬೇಕು. ಇನ್ನೂ ಸುಲಭದ ಗುರುತೆಂದರೆ ನಡೆಯುತ್ತಲೇ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಮಾತು ಮಧ್ಯದಲ್ಲಿ ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ರಾಯರಿಗೆ ವಿಷ್ಣು ಸಹಸ್ರನಾಮ ಕಂಠಪಾಠವಿತ್ತು. ಶ್ಲೋಕದ ಒಂದು ಸಾಲನ್ನು ಉಸಿರು ಕಡಿಯದೆ ಹೇಳಲು ಆಗುವ ವೇಗವೇ ಅವರ ವೇಗ ಎಂದು ನಿಶ್ಚಯಿಸಿಕೊಂಡೆವು, ಮತ್ತು ಗಡಿಯಾರಕ್ಕಿಂತ ಇದೇ ಕೊನೆಯವರೆಗೆ ಹೆಚ್ಚು ಉಪಯೋಗಕ್ಕೆ ಬಂತು.

ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಅವರು ನಡೆದದ್ದು 380 ಮೀಟರ್.

ಗುಳಿಗೆಗಳ ಪಟ್ಟಿಯನ್ನೂ ವ್ಯಾಯಾಮದ ದೃಷ್ಟಿಯಿಂದ ಓದಬೇಕಾಗುತ್ತದೆ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಎರಡು ಗುಳಿಗೆಗಳಲ್ಲಿ ಒಂದಾದ ಟಿಕಾಗ್ರೆಲೋರ್ ಕೆಲವರಿಗೆ ಕೂತಲ್ಲೇ ಉಸಿರು ಸಾಲದಂತೆ ಅನಿಸುವಂತೆ ಮಾಡುತ್ತದೆ; ರಾಯರಿಗೂ ಹಾಗೆ ಆಗುತ್ತಿತ್ತು, ಅದನ್ನವರು ಹೃದಯದ ಸೋಲೆಂದು ಹೆದರಿದ್ದರು. ಶ್ರಮಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆ ಭಯ ಕಡಿಮೆಯಾಯಿತು. ಸಕ್ಕರೆ ಕಾಯಿಲೆಗೆ ಕೊಡುತ್ತಿದ್ದ ಗ್ಲಿಮೆಪಿರೈಡ್ ಇನ್ನೊಂದು ಎಚ್ಚರಿಕೆ ಬೇಡುವ ಔಷಧ. ಅದನ್ನು ಸೇವಿಸಿ ವ್ಯಾಯಾಮ ಮಾಡಿದಾಗ ಸಕ್ಕರೆ ಇಳಿದುಹೋಗಬಹುದು, ಇಳಿದಾಗ ಎದೆ ಡವಡವ ಎನ್ನುವ ಮುನ್ಸೂಚನೆಯನ್ನು ಬೀಟಾ ಬ್ಲಾಕರ್ ಮರೆಮಾಚಿಬಿಡುತ್ತದೆ, ಬೆವರುವುದೇ ಮುಖ್ಯ ಗುರುತಾಗಿ ಉಳಿಯುತ್ತದೆ. ಮುಂಬಯಿಯ ಜೂನ್ ತಿಂಗಳಲ್ಲಿ ಬೆವರನ್ನು ಗುರುತೆಂದು ನಂಬುವುದಾದರೂ ಹೇಗೆ? ಹಾಗಾಗಿ ನಡಿಗೆಗೆ ಮುನ್ನ ಗ್ಲುಕೋಮೀಟರಿನಲ್ಲಿ ಶುಗರ್ ನೋಡುವುದು, 100ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದು ಹೊರಡುವುದು, ಜೇಬಿನಲ್ಲಿ ಗ್ಲುಕೋಸ್ ಪುಡಿ ಇಟ್ಟುಕೊಳ್ಳುವುದು ಎಂದು ನಿಯಮ ಮಾಡಿದೆವು.

ಮೆಟ್ಟಿಲು

ರಿಹ್ಯಾಬಿಗೆ ಬರಬೇಕಾದರೆ ಮೂರು ಮಹಡಿ ಇಳಿಯಬೇಕು, ಮರಳಿ ಹತ್ತಬೇಕು. ಮೆಟ್ಟಿಲನ್ನು ನಿಧಾನವಾಗಿ ಹತ್ತಲು ಸುಮಾರು 4 ಮೆಟ್ ಬೇಕು. ಐದೇ ಮೆಟ್ ಸಾಮರ್ಥ್ಯವಿರುವವರಿಗೆ ಅದು ಐದನೇ ನಾಲ್ಕು ಭಾಗ. ನಿಲ್ಲದೆ ಹತ್ತಿದರೆ ನಾವು ಹಾಕಿಕೊಂಡ ಮಿತಿ ಮೊದಲ ಮಹಡಿಯಲ್ಲೇ ಮೀರುತ್ತಿತ್ತು. ಆದ್ದರಿಂದ ನಾನು ಅವರ ಮನೆಗೇ ಹೋಗಿ ಮೆಟ್ಟಿಲಿನಿಂದ ಆರಂಭಿಸಿದೆ.

ಒಂದೊಂದು ಮಹಡಿಗೆ ನಡುವೆ ತಿರುವಿರುವ ಇಪ್ಪತ್ತು ಮರದ ಮೆಟ್ಟಿಲುಗಳು, ನಡುಭಾಗ ಸವೆದು ಹಳ್ಳವಾಗಿದ್ದವು. ಪಾದ ಪೂರ್ತಿ ಊರುವುದು, ಹೆಜ್ಜೆ ಎತ್ತುವಾಗ ಉಸಿರು ಬಿಡುವುದು, ಒಂದು ಮೆಟ್ಟಿಲಿನ ಮೇಲೆ ಎರಡೂ ಪಾದ ಕೂಡಿದ ಮೇಲೆ ಮುಂದಿನದು, ತಿರುವಿನಲ್ಲಿ ಒಂದು ನಿಮಿಷ ನಿಂತುಕೊಳ್ಳುವುದು, ಮಹಡಿ ಮುಗಿದಾಗ ಕುಳಿತುಕೊಳ್ಳುವುದು. ಎರಡನೆಯ ಮಹಡಿಯ ಗುಜರಾತಿ ನೆರೆಯವರು ಬಾಗಿಲಾಚೆ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಕಾಯಮ್ಮಾಗಿ ಇಟ್ಟುಕೊಟ್ಟರು. ಕೈಯಲ್ಲಿ ಚೀಲವಿರಕೂಡದು, ಮಣಿಕಟ್ಟಿನ ಗಾಯ ಮಾಗಿದ್ದರೂ ಭಾರ ಹಿಡಿದು ಹತ್ತಿದರೆ ಶ್ರಮ ಬಹಳ ಹೆಚ್ಚುತ್ತದೆ. ಮೊದಲ ದಿನ ಒಂದು ಮಹಡಿ ಇಳಿದು ಹತ್ತಿದ್ದಷ್ಟೇ. ನಾಡಿ 94, ಬೋರ್ಗ್ 12.

"ಎಂತ ಮಾರಾಯ್ರೆ, ಮಗು ನಡೆದ ಹಾಗೆ ನಡೆಸ್ತೀರಲ್ಲ," ಎಂದು ರಾಯರು ನಕ್ಕರು. ಮೇಲೆ ಬಾಗಿಲಲ್ಲಿ ನಿಂತಿದ್ದ ಅವರ ಪತ್ನಿ ನಗಲಿಲ್ಲ. ಅವರನ್ನು ಕೆಳಗೆ ಕರೆದು, ರಾಯರ ಮಣಿಕಟ್ಟಿನ ಮೇಲೆ ಅವರ ಬೆರಳನ್ನಿಡಿಸಿ, ಅರ್ಧ ನಿಮಿಷ ಎಣಿಸಲು ಹೇಳಿದೆ. 47 ಎಂದರು, ಎರಡರಿಂದ ಗುಣಿಸಿ ಗಡಿಯಾರ ತೋರಿಸುತ್ತಿದ್ದ ಅಂಕಿಗೆ ಹೋಲಿಸಿಕೊಂಡರು. ಮುಂದಿನ ಎಲ್ಲ ವಾರಗಳ ನಾಡಿಯ ಪುಸ್ತಕವನ್ನು ಬರೆದವರು ಅವರೇ. ಮನೆಯವರ ಭಯವನ್ನು ಮಾತಿನಿಂದ ಕಳೆಯಲು ಹೋಗುವುದಕ್ಕಿಂತ ಅವರ ಕೈಗೆ ಒಂದು ಕೆಲಸ ಕೊಡುವುದು ಮೇಲು ಎಂಬುದು ನನ್ನ ಅನುಭವ.

ಮೂರು ಮಹಡಿಯನ್ನೂ ಕುಳಿತು ಕುಳಿತು ಹತ್ತಲು ಒಂದು ವಾರ ಹಿಡಿಯಿತು.

ಮೊದಲ ಐದು ವಾರಗಳು

ಪಂಪಿಂಗ್ ಶೇ 40ರಿಂದ 49ರ ನಡುವೆ ಇರುವವರನ್ನು ಮಧ್ಯಮ ಅಪಾಯದ ಗುಂಪಿಗೆ ಸೇರಿಸುವುದರಿಂದ, ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಇಸಿಜಿ ನಿಗಾದಡಿ ವ್ಯಾಯಾಮ, ಉಳಿದ ದಿನಗಳಲ್ಲಿ ಮನೆಯ ಹತ್ತಿರ ನಡಿಗೆ ಎಂದು ಕ್ರಮ ಹಾಕಿದೆವು. ಐದು ನಿಮಿಷ ನಡೆದು ಎರಡು ನಿಮಿಷ ಕೂರುವುದನ್ನು ಮೂರು ಸಲ ಮಾಡುವುದರಿಂದ ಆರಂಭವಾಗಿ, ಐದನೆಯ ವಾರಕ್ಕೆ ಒಂದೇ ಸಮನೆ ಇಪ್ಪತ್ತು ನಿಮಿಷ ನಡೆಯುವಷ್ಟಾಯಿತು. ಮೊದಲು ಸಮಯ ಹೆಚ್ಚಿಸಬೇಕು, ವೇಗವನ್ನು ಆಮೇಲೆ. ಎರಡನ್ನೂ ಒಟ್ಟಿಗೆ ಹೆಚ್ಚಿಸಕೂಡದು. ಮೊದಲೂ ಕೊನೆಗೂ ಐದರಿಂದ ಹತ್ತು ನಿಮಿಷ ತೀರಾ ನಿಧಾನದ ನಡಿಗೆ ಕಡ್ಡಾಯ. ವೇಗವಾಗಿ ನಡೆದವರು ಥಟ್ಟನೆ ನಿಂತರೆ ಕಾಲಿನ ಹಿಗ್ಗಿದ ರಕ್ತನಾಳಗಳಲ್ಲಿ ರಕ್ತ ನಿಂತುಬಿಡುತ್ತದೆ, ಬಿಪಿ ಕುಸಿಯುತ್ತದೆ, ಹೃದಯದ ಲಯ ತಪ್ಪುವ ಸಾಧ್ಯತೆಯೂ ಆ ಕೆಲವು ನಿಮಿಷಗಳಲ್ಲೇ ಹೆಚ್ಚು.

ಮಳೆ ಹಿಡಿದ ಮೇಲೆ ಫೈವ್ ಗಾರ್ಡನ್ಸಿನ ಪಾಚಿಗಟ್ಟಿದ ಕಾಲುದಾರಿ ಅಪಾಯಕಾರಿಯಾಯಿತು. ರಾಯರೇ ಒಂದು ದಾರಿ ಕಂಡುಕೊಂಡರು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ, ಸುಮಾರು ಮೂರೂವರೆಗೆ, ಹೋಟೆಲಿನ ಹಾಲ್ ಖಾಲಿಯಿರುತ್ತದೆ. ಅವರ ಸ್ವಂತ ಊಟ ಹನ್ನೆರಡೂವರೆಗೆ ಆಗಿರುತ್ತಿದ್ದುದರಿಂದ ಊಟಕ್ಕೂ ನಡಿಗೆಗೂ ನಡುವೆ ಎರಡು ಗಂಟೆಯಾದರೂ ಇರಬೇಕೆಂಬ ನಿಯಮವೂ ಪಾಲನೆಯಾಗುತ್ತಿತ್ತು. ನೆಲ ಒರೆಸಿ ಒಣಗಿದ ಮೇಲೆ, ಫ್ಯಾನುಗಳಡಿ, ಗಲ್ಲೆಯಿಂದ ಕೈತೊಳೆಯುವ ಜಾಗದವರೆಗೆ ಅವರು ನಡೆದರು. ಯಾರಾದರೊಬ್ಬ ಸಪ್ಲೈಯರ್ ಹತ್ತಿರದಲ್ಲೇ ಇರುತ್ತಿದ್ದ. ಬೆವರು ಆರದ ಈ ಊರಿನ ಆರ್ದ್ರತೆಯಲ್ಲಿ ಒಂದೇ ವೇಗಕ್ಕೆ ನಾಡಿ ಹೆಚ್ಚು ಏರುತ್ತದೆ, ಆದ್ದರಿಂದ ಫ್ಯಾನಿನ ಕೆಳಗಿನ ನಡಿಗೆ ಸೋಮಾರಿತನವೇನೂ ಅಲ್ಲ.

ಟಿವಿ ನೋಡಿ ಹಿಂದೆ ರೂಢಿಸಿಕೊಂಡಿದ್ದ ಕಪಾಲಭಾತಿಯನ್ನು ಮತ್ತೆ ಶುರುಮಾಡಬಹುದೇ ಎಂದು ರಾಯರು ಕೇಳಿದರು. ಕಪಾಲಭಾತಿ, ಭಸ್ತ್ರಿಕಾ, ಉಸಿರು ಬಿಗಿಹಿಡಿಯುವ ಕುಂಭಕ, ಶೀರ್ಷಾಸನ ಇವು ಸದ್ಯ ಬೇಡ, ನಿಧಾನದ ಉಸಿರಾಟ ಮತ್ತು ಸರಳ ಆಸನಗಳಾದರೆ ಆಗಬಹುದು ಎಂದೆ. ಯೋಗವನ್ನು ತಳ್ಳಿಹಾಕುವ ಮಾತಲ್ಲ ಇದು. ಭಾರತದ 24 ಆಸ್ಪತ್ರೆಗಳಲ್ಲಿ ಸುಮಾರು 4,000 ಹೃದಯಾಘಾತದ ರೋಗಿಗಳೊಂದಿಗೆ ನಡೆದು 2020ರಲ್ಲಿ ಪ್ರಕಟವಾದ ಯೋಗ-ಕೇರ್ ಅಧ್ಯಯನದಲ್ಲಿ, ಯೋಗಾಧಾರಿತ ರಿಹ್ಯಾಬ್ ಪಡೆದವರು ತಮ್ಮ ಆರೋಗ್ಯ ಉತ್ತಮವಾಗಿದೆಯೆಂದು ಹೇಳಿದರು, ಹಿಂದಿನ ಚಟುವಟಿಕೆಗಳಿಗೂ ಹೆಚ್ಚು ಮರಳಿದರು; ಮರುಕಳಿಸುವ ಹೃದಯಾಘಾತ ಮತ್ತು ಸಾವಿನಂತಹ ಘಟನೆಗಳಲ್ಲಿ ಮಾತ್ರ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಕಲಿಸಿದ್ದೂ ರೋಗಿಗಳಿಗೆಂದೇ ಆರಿಸಿದ ಮೃದು ಅಭ್ಯಾಸಗಳನ್ನು.

ದ್ವಾದಶಿಯ ಬೆಳಿಗ್ಗೆ

ಆರನೆಯ ವಾರದ ಮಧ್ಯದಲ್ಲಿ ರಾಯರು ಆಸ್ಪತ್ರೆಗೆ ಬಂದು ಕುಳಿತಾಗ ಅವರ ನಾಡಿ 90, ಬಿಪಿ 156/94. ಹಿಂದಿನ ಎಲ್ಲ ದಿನಗಳಲ್ಲೂ ನಾಡಿ 62ರಿಂದ 68ರ ಒಳಗಿತ್ತು. ವ್ಯಾಯಾಮ ಆರಂಭಿಸದೆ, ಏನಾಯಿತೆಂದು ಕೇಳಿದೆ. ಏನೂ ಇಲ್ಲ ಎಂದರು. ಪತ್ನಿ ನಾಡಿಯ ಪುಸ್ತಕವನ್ನು ಮುಂದಿಟ್ಟರು, ಅದರಲ್ಲಿ ಎರಡು ದಿನದ ಜಾಗ ಖಾಲಿಯಿತ್ತು.

ಪ್ರಥಮ ಏಕಾದಶಿ ಬಂದಿತ್ತು. ಮರಾಠಿಗರ ಆಷಾಢಿ ಏಕಾದಶಿಯೂ ಅದೇ ದಿನವಾದ್ದರಿಂದ ಹತ್ತಿರದ ವಡಾಲಾದ ವಿಠ್ಠಲ ಮಂದಿರದ ಸುತ್ತ ಜನಸಾಗರ. ರಾಯರು ಮಾಧ್ವ ಸಂಪ್ರದಾಯದವರು. ಪ್ರತಿವರ್ಷದಂತೆ ನಿರ್ಜಲ ಉಪವಾಸವಿದ್ದು, ಮೈಮೇಲೆ ಶಂಖ-ಚಕ್ರಗಳ ಮುದ್ರೆ ಹಾಕಿಸಿಕೊಳ್ಳುವ ಮುದ್ರಾಧಾರಣೆಯ ಸಾಲಿನಲ್ಲಿ ಬಹಳ ಹೊತ್ತು ನಿಂತಿದ್ದರು. ನೀರೇ ಇಲ್ಲವೆಂದ ಮೇಲೆ ಗುಳಿಗೆಗಳೂ ಇಲ್ಲ. ಮರುದಿನ ದ್ವಾದಶಿಯ ಪಾರಣೆ ಬೆಳಿಗ್ಗೆ ಬೇಗನೆ ಮುಗಿಯಿತು: ಅನ್ನ, ಹುಳಿ, ಪಾಯಸ. ಗುಳಿಗೆಯ ಡಬ್ಬಿ ಪೂಜೆಯ ಗಡಿಬಿಡಿಯಲ್ಲಿ ನೆನಪಾಗಲಿಲ್ಲ. ನಿನ್ನೆಯ ನಡಿಗೆ ತಪ್ಪಿತ್ತೆಂಬ ಸಂಕೋಚದಿಂದ, ಊಟವಾಗಿ ಅರ್ಧ ಗಂಟೆಯೊಳಗೆ, ವೇಗವಾಗಿ ನಡೆಯುವ ಗೆಳೆಯರೊಬ್ಬರ ಜೊತೆ ಉದ್ಯಾನಕ್ಕೆ ಹೋದರು. ಎರಡನೆಯ ಸುತ್ತಿನಲ್ಲಿ ಕೆಳದವಡೆಯಲ್ಲಿ ಹಲ್ಲುನೋವಿನಂತಹ ಬಿಗಿತ ಬಂತು, ಗಡಿಯಾರ 110 ತೋರಿಸುತ್ತಿತ್ತು. ಬೆಂಚಿನ ಮೇಲೆ ಕುಳಿತರು, ನಾಲ್ಕೈದು ನಿಮಿಷದಲ್ಲಿ ಅದು ಹೋಯಿತು.

"ಜೇಬಲ್ಲಿ ಸಾರ್ಬಿಟ್ರೇಟ್ ಇತ್ತಲ್ಲ?"

"ಇತ್ತು. ಅಷ್ಟು ದೊಡ್ಡದೇನೂ ಅನ್ನಿಸ್ಲಿಲ್ಲ. ಎದೆಯಲ್ಲಿ ಬಂದಿದ್ರೆ ಇಡ್ತಿದ್ದೆ."

ಹೃದಯದ ನೋವು ದವಡೆ, ಕುತ್ತಿಗೆ, ಎಡಗೈ, ಬೆನ್ನು, ಮೇಲ್ಹೊಟ್ಟೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವಿಲ್ಲದೆ ಬರೀ ಉಬ್ಬಸವಾಗಿಯೂ ಬರಬಹುದು. ಅಂತಹ ಗುರುತು ಕಂಡೊಡನೆ ನಿಲ್ಲಿಸಿ ಕುಳಿತು, ವೈದ್ಯರು ಕೊಟ್ಟ, ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಗುಳಿಗೆಯನ್ನು ನಾಲಗೆಯ ಕೆಳಗಿಟ್ಟು, ಐದು ನಿಮಿಷದಲ್ಲಿ ಪೂರ್ತಿ ಹೋಗದಿದ್ದರೆ 108ಕ್ಕೆ ಫೋನ್ ಮಾಡಬೇಕು. ನಿಂತುಕೊಂಡು ಗುಳಿಗೆ ಇಟ್ಟುಕೊಳ್ಳಬಾರದು, ಬಿಪಿ ಇಳಿದು ಬೀಳಬಹುದು. ಸ್ಟೆಂಟ್ ಹಾಕಿ ಕೆಲವೇ ವಾರಗಳಾದವರಿಗೆ ನೋವು ತಾನಾಗಿ ಹೋದರೂ ಅದೇ ದಿನ ವೈದ್ಯರಿಗೆ ತಿಳಿಸಬೇಕು. ರಾಯರು ಒಂದು ದಿನ ತಡಮಾಡಿದ್ದರು.

ಕೂಡಲೇ ಹೃದ್ರೋಗ ತಜ್ಞರು ನೋಡಿದರು. ಇಸಿಜಿಯಲ್ಲಿ ಹೊಸ ಬದಲಾವಣೆಯಿರಲಿಲ್ಲ, ಹೃದಯದ ಸ್ನಾಯುವಿಗೆ ಹಾನಿಯಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಸಹಜವಾಗಿತ್ತು, ಎಕೋದಲ್ಲಿ ಪಂಪಿಂಗ್ ಶೇ 48ಕ್ಕೆ ಸುಧಾರಿಸಿತ್ತು. ಬೀಟಾ ಬ್ಲಾಕರನ್ನು ಥಟ್ಟನೆ ನಿಲ್ಲಿಸಿದರೆ ನಾಡಿ ಮತ್ತು ಬಿಪಿ ಹಿಂದಿಗಿಂತ ಹೆಚ್ಚಾಗಿ ಪುಟಿದೇಳುವುದುಂಟು. ಅದರ ಮೇಲೆ ನೀರಿಲ್ಲದ ದಿನ, ತುಂಬು ಊಟ, ಇನ್ನೊಬ್ಬರ ವೇಗ, ಜುಲೈ ತಿಂಗಳ ಸೆಕೆ ಎಲ್ಲವೂ ಕೂಡಿ ಬಂದು, ಅರ್ಧ ಕಿರಿದಾಗಿದ್ದ ಬಲಧಮನಿಗೆ ಆ ಬೇಡಿಕೆ ಭಾರವಾಗಿರಬಹುದೆಂಬುದು ಅವರ ಅಭಿಪ್ರಾಯ. ಅವರು ಹೆಚ್ಚು ಗಾಬರಿಪಟ್ಟದ್ದು ಟಿಕಾಗ್ರೆಲೋರ್ ತಪ್ಪಿದ್ದಕ್ಕೆ. ಹೊಸ ಸ್ಟೆಂಟ್ ಹಠಾತ್ತನೆ ಮುಚ್ಚಿಹೋಗುವ ಅಪಾಯ ಮೊದಲ ತಿಂಗಳುಗಳಲ್ಲೇ ಹೆಚ್ಚು, ಅದನ್ನು ತಡೆಯುವ ಗುಳಿಗೆಯನ್ನು ತಪ್ಪಿಸುವುದೇ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಇಡೀ ಪ್ರಕರಣದಲ್ಲಿ ರಾಯರು ನಿಜವಾದ ಅಪಾಯದ ಅಂಚಿಗೆ ಬಂದದ್ದು ಆ ಒಂದೂವರೆ ದಿನದಲ್ಲಿ, ಮತ್ತು ಅದು ವ್ಯಾಯಾಮದ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಉಪವಾಸದ ಬಗ್ಗೆ ಮೊದಲೇ ಕೇಳಿ ತಿಳಿದುಕೊಳ್ಳುವುದನ್ನು ಈಗ ನಮ್ಮ ವಿಭಾಗದ ಪ್ರಶ್ನಾವಳಿಯಲ್ಲಿ ಸೇರಿಸಲಾಗಿದೆ. ಏಕಾದಶಿ, ಸಂಕಷ್ಟಿ, ರಂಜಾನ್, ಪರ್ಯೂಷಣ ಯಾವುದೇ ಇರಲಿ.

ಔಷಧಕ್ಕಾಗಿ ವ್ರತ ಬಿಡಿ ಎಂದು ನಾನು ಹೇಳಿದ್ದರೆ ರಾಯರು ತಲೆಯಾಡಿಸಿ, ಮುಂದಿನ ಏಕಾದಶಿಗೆ ಮತ್ತೆ ಹಾಗೆಯೇ ಮಾಡುತ್ತಿದ್ದರೆಂದು ನನ್ನ ಊಹೆ. ಅವರ ಚಿಕ್ಕಪ್ಪ ಅದನ್ನು ಬಗೆಹರಿಸಿದರು. ವ್ರತವನ್ನು ಕೆಡಿಸದ ಎಂಟು ಸಂಗತಿಗಳಲ್ಲಿ ನೀರು, ಹಾಲು, ಹಣ್ಣು, ಗುರುವಿನ ಮಾತುಗಳ ಜೊತೆಗೆ ಔಷಧವೂ ಸೇರಿದೆ ಎಂಬ ಸಂಸ್ಕೃತ ಶ್ಲೋಕವನ್ನು ಹೇಳಿ, "ಶಾಸ್ತ್ರವೇ ಬಿಟ್ಟದ್ದನ್ನು ನೀನು ಯಾಕೆ ಹಿಡ್ಕೊಳ್ತಿ?" ಎಂದು ಕೇಳಿದರು. ಅಲ್ಲಿಂದ ಏಕಾದಶಿಗೆ ಗುಳಿಗೆ, ನೀರು, ಹಾಲು-ಹಣ್ಣು ಇವೆ. ಆ ದಿನದ ಗ್ಲಿಮೆಪಿರೈಡನ್ನು ವೈದ್ಯರ ಸೂಚನೆಯಂತೆ ಬಿಡಲಾಗುತ್ತದೆ, ನಡಿಗೆಗೂ ಅಂದು ರಜೆ.

ಮತ್ತೆ ಮೊದಲಿಂದ, ಆದರೆ ಪೂರ್ತಿ ಮೊದಲಿಂದ ಅಲ್ಲ

ಒಂದು ವಾರ ವ್ಯಾಯಾಮ ನಿಲ್ಲಿಸಿ, ಔಷಧ ಕ್ರಮಕ್ಕೆ ಬಂದ ಮೇಲೆ ಟಿಎಂಟಿ ಮತ್ತೆ ಮಾಡಲಾಯಿತು. ಈ ಸಲ ಸುಮಾರು 6 ಮೆಟ್‌ವರೆಗೆ ನೋವಾಗಲಿ ಇಸಿಜಿ ಬದಲಾವಣೆಯಾಗಲಿ ಬರಲಿಲ್ಲ. ಬಂದಿದ್ದರೆ, ಯಾವ ನಾಡಿಯಲ್ಲಿ ಬಂತೋ ಅದಕ್ಕಿಂತ ಹತ್ತು ಬಡಿತವಾದರೂ ಕೆಳಗೆ ವ್ಯಾಯಾಮದ ಮೇಲ್ಮಿತಿಯನ್ನು ಇಡಬೇಕಾಗುತ್ತಿತ್ತು. ಹದಿನೈದು ನಿಮಿಷದ ನಡಿಗೆಯಿಂದ ಪುನಃ ಆರಂಭಿಸಿದೆವು. ಗೆಳೆಯರ ಜೊತೆ ನಡೆಯಬಾರದೆಂದಿಲ್ಲ, ಆದರೆ ಗೆಳೆಯರೇ ರಾಯರ ವೇಗಕ್ಕೆ ಬರಬೇಕು.

ಎಂಟನೆಯ ವಾರದಿಂದ ಸ್ನಾಯುಬಲದ ಅಭ್ಯಾಸ ಸೇರಿತು: ಕುರ್ಚಿಯಿಂದ ಕೈಯಾಸರೆಯಿಲ್ಲದೆ ಎದ್ದು ಕೂರುವುದು, ರಬ್ಬರ್ ಪಟ್ಟಿ ಎಳೆಯುವುದು, ಒಂದು ಕಿಲೊ ತೂಕ ಎತ್ತುವುದು, ಪ್ರತಿಯೊಂದೂ ಹತ್ತರಿಂದ ಹದಿನೈದು ಸಲ. ಎತ್ತುವಾಗ ಉಸಿರು ಬಿಗಿಹಿಡಿದರೆ ಬಿಪಿ ಒಮ್ಮೆಲೇ ಜಿಗಿಯುತ್ತದೆ, ಹಾಗಾಗಿ ಗಟ್ಟಿಯಾಗಿ ಎಣಿಸುತ್ತ ಎತ್ತಬೇಕು. ಎಣಿಸುವವರು ಉಸಿರು ಹಿಡಿಯಲಾರರು. ಮಲವಿಸರ್ಜನೆಗೆ ತಿಣುಕುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹೋಟೆಲಿನ ಗ್ಯಾಸ್ ಸಿಲಿಂಡರ್ ಉರುಳಿಸುವುದು, ಹಿಟ್ಟಿನ ಪಾತ್ರೆ ಇಳಿಸುವುದು ಇನ್ನು ಮುಂದೆ ಮಾಲೀಕರ ಕೆಲಸವಲ್ಲವೆಂದು ಅಡುಗೆಯವರ ಎದುರಿನಲ್ಲೇ ಹೇಳಿಸಿದೆ.

ಯಾರೂ ಕೇಳದ ಒಂದು ಪ್ರಶ್ನೆಗೆ ನಾನಾಗಿಯೇ ಉತ್ತರ ಕೊಡುವ ಪದ್ಧತಿ ಇಟ್ಟುಕೊಂಡಿದ್ದೇನೆ. ದಾಂಪತ್ಯ ಜೀವನದ ಶ್ರಮ ಸಾಮಾನ್ಯವಾಗಿ 3ರಿಂದ 5 ಮೆಟ್. ಎರಡು ಮಹಡಿಯನ್ನು ನೋವಿಲ್ಲದೆ ಹತ್ತಬಲ್ಲವರು ಹೆದರಬೇಕಿಲ್ಲ. ಆದರೆ ಸಾರ್ಬಿಟ್ರೇಟ್ ಜೇಬಿನಲ್ಲಿಟ್ಟುಕೊಂಡವರು ಸಿಲ್ಡೆನಾಫಿಲ್‌ನಂತಹ ಗುಳಿಗೆಗಳನ್ನು ಯಾರಿಗೂ ಹೇಳದೆ ತೆಗೆದುಕೊಳ್ಳಕೂಡದು. ಎರಡೂ ಕೂಡಿದರೆ ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು.

ಹನ್ನೆರಡನೆಯ ವಾರದ ಸ್ಥಿತಿ

ಆಗಸ್ಟ್ ಕೊನೆಗೆ ಆರು ನಿಮಿಷದ ನಡಿಗೆ 465 ಮೀಟರಿಗೆ, ಟಿಎಂಟಿ ಸಾಮರ್ಥ್ಯ ಸುಮಾರು 7 ಮೆಟ್‌ಗೆ ಏರಿತ್ತು. ತೂಕ 75 ಕಿಲೊ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ 7.8ರಿಂದ 7.1ಕ್ಕೆ ಇಳಿದಿತ್ತು, ಇದರಲ್ಲಿ ನಡಿಗೆಯ ಪಾಲೆಷ್ಟು, ಪಾಯಸ ಬಿಟ್ಟದ್ದರ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ಮೂರು ಮಹಡಿಯನ್ನು ಅವರು ಈಗ ಎರಡನೆಯ ಮಹಡಿಯಲ್ಲಿ ಒಮ್ಮೆ ನಿಂತು ಹತ್ತುತ್ತಾರೆ. ಆ ಮೆಟ್ಟಿಲು ಹತ್ತನೆಯ ವಾರದವರೆಗೂ ಅವರ ದಿನದ ಅತ್ಯಂತ ಕಠಿಣ ವ್ಯಾಯಾಮವಾಗಿತ್ತು.

ವ್ಯಾಯಾಮಾಧಾರಿತ ರಿಹ್ಯಾಬಿನಿಂದ ಹೃದ್ರೋಗದ ಸಾವು ಮತ್ತು ಮತ್ತೆ ಆಸ್ಪತ್ರೆ ಸೇರುವ ಪ್ರಮಾಣ ಕಡಿಮೆಯಾಗುತ್ತದೆ ಎಂದು ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಗಳು ತೋರಿಸಿವೆ. ಅದು ಸಮೂಹದ ಲೆಕ್ಕ. ಒಬ್ಬ ರಾಯರ ವಿಷಯದಲ್ಲಿ ಹನ್ನೆರಡು ವಾರದ ಅಂಕಿಗಳಿಂದ ಮುಂದಿನ ಹತ್ತು ವರ್ಷಗಳ ಬಗ್ಗೆ ಏನನ್ನೂ ಹೇಳಲಾಗದು, ಮತ್ತು ಬಲಧಮನಿಯ ಪ್ರಶ್ನೆ ಇನ್ನೂ ತೆರೆದೇ ಇದೆ. ಶ್ರಮದಲ್ಲಿ ನೋವು ಮರುಕಳಿಸಿದರೆ ಅದಕ್ಕೂ ಆಂಜಿಯೋಗ್ರಾಂ ಮಾಡಿ, ಕಿರಿದಾದ ಜಾಗದ ಆಚೀಚೆ ರಕ್ತದ ಒತ್ತಡ ಅಳೆಯುವುದೆಂದು ವೈದ್ಯರು ಬರೆದಿಟ್ಟಿದ್ದಾರೆ.

ರಾಯರು ಬೆಳಿಗ್ಗೆ ನಾಲ್ಕು ಗಂಟೆ ಮಾತ್ರ ಗಲ್ಲೆಯಲ್ಲಿ ಕೂರುತ್ತಾರೆ, ಗಂಟೆಗೊಮ್ಮೆ ಎದ್ದು ಅಡುಗೆಮನೆಯವರೆಗೆ ಹೋಗಿಬರುತ್ತಾರೆ. ವಾರಕ್ಕೆ ಐದು ದಿನ ಮೂವತ್ತು ನಿಮಿಷ ನಡಿಗೆ, ಎರಡು ದಿನ ಸ್ನಾಯುಬಲದ ಅಭ್ಯಾಸ. ರಬ್ಬರ್ ಪಟ್ಟಿಯ ಅಭ್ಯಾಸ ಅವರಿಗೆ ಇಷ್ಟವಿಲ್ಲ, ಆಗಾಗ ತಪ್ಪಿಸುತ್ತಾರೆ. ಪುಸ್ತಕದಲ್ಲಿ ಪತ್ನಿ ಅದನ್ನೂ ಬರೆಯುತ್ತಾರೆ. ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೊ ಏರಿದರೆ, ಕಾಲು ಊದಿದರೆ, ರಾತ್ರಿ ದಿಂಬು ಹೆಚ್ಚು ಬೇಕಾದರೆ ನಡಿಗೆ ನಿಲ್ಲಿಸಿ ಫೋನ್ ಮಾಡಬೇಕೆಂಬುದು ಅದೇ ಪುಸ್ತಕದ ಒಳಹಾಳೆಯಲ್ಲಿದೆ. ಮುಂದಿನ ಟಿಎಂಟಿ ನವೆಂಬರಿನಲ್ಲಿ. ಎರಡು ರಕ್ತ ತೆಳುಗೊಳಿಸುವ ಗುಳಿಗೆಗಳು ಬರುವ ಮೇ ತಿಂಗಳವರೆಗೆ ಮುಂದುವರಿಯುತ್ತವೆ, ಆಮೇಲೆ ಒಂದನ್ನು ಬಿಡಬಹುದೇ ಎಂಬುದನ್ನು ವೈದ್ಯರು ಆಗ ನೋಡುತ್ತಾರೆ.